ಮಳೆಗಾಲಕ್ಕೆಂದು ಇ-ರೀಡರ್ ಕೊಳ್ಳುವವರೇ, ಮೊದಲು ಇದನ್ನು ಓದಿ

ಕೊಡಗಿನ ಭಾಗಮಂಡಲದ ಕಡೆಯ ನಮ್ಮ ಮನೆಯಲ್ಲಿ ಜೂನ್ ಕಳೆಯುವಷ್ಟರಲ್ಲಿ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ಒಣಗಲೆಂದು ಒಲೆಯ ಮೇಲಿನ ಅಟ್ಟಕ್ಕೇರಿಸಿದರೆ ಕಾದಂಬರಿಗೂ ಹೊಗೆ ಹಾಕಿದ ಹಂದಿಮಾಂಸದ ವಾಸನೆ. ಈ ಕಾಟಕ್ಕೆ ಬೇಸತ್ತು, ಡಿಜಿಟಲ್ ಪುಸ್ತಕ ಓದಲೆಂದೇ ಮಾಡಿದ ಇ-ರೀಡರ್ ಎಂಬ ಯಂತ್ರ ಕೊಂಡೆ. ಯಂತ್ರದ ಮೇಲೆ ನನಗೆ ದೂರಿಲ್ಲ. ಪುಟ ತಿರುಗಿಸುವಾಗಷ್ಟೇ ಪರದೆ ವಿದ್ಯುತ್ ಬಳಸುವುದರಿಂದ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ನಾನು ಮುಗ್ಗರಿಸಿದ್ದು ಎರವಲು ಪುಸ್ತಕದಲ್ಲಿ.

ಚಂದಾ ಕಟ್ಟಿದ್ದ ಡಿಜಿಟಲ್ ಗ್ರಂಥಾಲಯವೊಂದರಲ್ಲಿ ಕಾಫಿಯ ಚರಿತ್ರೆಯ ಪುಸ್ತಕ ಕೇಳಿದೆ. ಸರದಿಯಲ್ಲಿ ಕಾಯಿರಿ ಎಂದರು. ಸವೆಯದ, ಹರಿಯದ ಕಡತಕ್ಕೂ ಸರದಿಯೇ? ಒಂದು ಪರವಾನಗಿಗೆ ಒಮ್ಮೆಗೆ ಒಬ್ಬನೇ ಓದುಗ ಎಂಬುದು ಪ್ರಕಾಶಕರ ಷರತ್ತಂತೆ. ಐದು ವಾರ ಕಾದೆ. ಸರದಿ ಬಂದದ್ದು ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಜಡಿಮಳೆಯಲ್ಲಿ. ಊರಿನಲ್ಲಿ ಮೂರು ದಿನದಿಂದ ಕರೆಂಟ್ ಇಲ್ಲ, ಟವರ್ ಕೂಡ ಸತ್ತಿತ್ತು. ಮಡಿಕೇರಿ ಬಸ್ ನಿಲ್ದಾಣದಲ್ಲಿ ನಿಂತು ಮೊಬೈಲಿಗೆ ಇಳಿಸಿಕೊಂಡೆ. ಕಣ್ಣು ಮಿಟುಕಿಸುವುದರೊಳಗೆ ಇಳಿಯಿತು. ಆಗಲೇ ಅನುಮಾನ ಬರಬೇಕಿತ್ತು.

ಮನೆಗೆ ಬಂದು ನೋಡಿದರೆ ಅದು ಪುಸ್ತಕವೇ ಅಲ್ಲ, ಎಸಿಎಸ್ಎಂ ಎಂಬ ಕೆಲವೇ ಕಿಲೋಬೈಟಿನ ಕಡತ. ಪಡಿತರದ ಚೀಟಿ ಕೈಯಲ್ಲಿದೆ, ಅಕ್ಕಿ ಇನ್ನೂ ಅಂಗಡಿಯಲ್ಲಿದೆ ಎಂದುಕೊಳ್ಳಿ. ಅಂತರ್ಜಾಲ ಇರುವ ಕಂಪ್ಯೂಟರಿನಲ್ಲಿ ಅಡೋಬಿ ಡಿಜಿಟಲ್ ಎಡಿಷನ್ಸ್‌ನಂಥ ತಂತ್ರಾಂಶ ಹಾಕಿ, ಖಾತೆ ತೆರೆದು, ಚೀಟಿಯನ್ನು ಅದಕ್ಕೆ ತೋರಿಸಿದರೆ ಮಾತ್ರ ಪುಸ್ತಕ ಇಳಿಯುತ್ತದೆ. ಆಮೇಲೆ ಕೇಬಲ್ ಚುಚ್ಚಿ ರೀಡರ್‌ಗೆ ದಾಟಿಸಬೇಕು. ಎರವಲು 14 ದಿನ; ಎಣಿಕೆ ಮಾತ್ರ ಬಸ್ ನಿಲ್ದಾಣದಲ್ಲೇ ಶುರುವಾಗಿತ್ತು!

ರಸ್ತೆಗೆ ಬಿದ್ದ ಮರ ತೆರವಾಗಿ, ಲ್ಯಾಪ್‌ಟಾಪನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ಮತ್ತೆ ಮಡಿಕೇರಿ ತಲುಪಿದಾಗ ಹನ್ನೊಂದನೆಯ ದಿನ. ಮೂರನೆಯ ಅಧ್ಯಾಯ ಓದುತ್ತಿದ್ದಾಗ ‘ಅವಧಿ ಮುಗಿದಿದೆ’ ಎಂದು ಪುಸ್ತಕ ತಾನಾಗಿಯೇ ಮುಚ್ಚಿಕೊಂಡಿತು. ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ ಗ್ರಂಥಾಲಯಕ್ಕೆ ಕರೆ ಮಾಡಿದೆ. “ನಿಮ್ಮ ಹಿಂದೆ ಇನ್ನೊಬ್ಬರು ಕಾಯುತ್ತಿದ್ದಾರೆ ಸರ್, ಅವಧಿ ವಿಸ್ತರಿಸಲಾಗದು” ಎಂದಳು ಹುಡುಗಿ. ಮಳೆಯ ಕಥೆ ಹೇಳಿದೆ. “ಇಲ್ಲಿ ಬಿಸಿಲಿದೆಯಲ್ಲ ಸರ್” ಎಂದಳು, ಪಾಪ, ನಿಜವಾಗಿಯೂ ಆಶ್ಚರ್ಯಪಟ್ಟು.

ಆದ್ದರಿಂದ ನಿಮ್ಮ ಗ್ರಂಥಾಲಯ ಯಾವ ಬಗೆಯ ಕಡತ ಕೊಡುತ್ತದೆ, ನಿಮ್ಮ ಯಂತ್ರ ಅದನ್ನು ತೆರೆಯುತ್ತದೆಯೇ ಎಂದು ಕೊಳ್ಳುವ ಮುನ್ನವೇ ಕೇಳಿ. ಗ್ರಂಥಾಲಯದ ಪುಸ್ತಕ ನೇರವಾಗಿ ಅಮೆಜಾನ್‌ನ ಇ-ರೀಡರ್ ಆದ ಕಿಂಡಲ್‌ಗೆ ಬರುವ ಸೌಲಭ್ಯ ಇರುವುದು ಅಮೆರಿಕದಲ್ಲಿ. ಅಲ್ಲಿರುವ ಅಳಿಯ ಹೊಗಳಿದನೆಂದು ಇಲ್ಲಿ ಕೊಂಡುಬಿಡಬೇಡಿ. ಹಳೆಯ ಕನ್ನಡ ಪುಸ್ತಕಗಳು ಹೆಚ್ಚಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು. ಆರಿಂಚಿನ ಪರದೆಯಲ್ಲಿ ಒತ್ತಕ್ಷರ ಇರುವೆಯಂತೆ ಕಾಣುತ್ತದೆ, ಹಿಗ್ಗಿಸಿದರೆ ಅರ್ಧ ಸಾಲು ಅಂಚಿನಾಚೆ ಹೋಗುತ್ತದೆ. ಇನ್ನು, ಮೊದಲ ಪುಟ ರೀಡರ್‌ನಲ್ಲೇ ತೆರೆದು ನೋಡುವವರೆಗೆ ಪೇಟೆ ಬಿಟ್ಟು ಹೊರಡಬೇಡಿ.

ಮತ್ತೆ ಹೆಸರು ಬರೆಸಿದ್ದೇನೆ. ನನ್ನ ಮುಂದೆ ಮೂವರಿದ್ದಾರೆ. ಕೈಲ್‌ಪೋಳ್ದ್ ಎಂಬ ಸೆಪ್ಟೆಂಬರ್ ಮೊದಲ ವಾರದ ನಮ್ಮ ಹಬ್ಬ ಕಳೆದ ಮೇಲೆ ಬರಬಹುದು, ಆ ಹೊತ್ತಿಗೆ ಅಟ್ಟದ ಪುಸ್ತಕಗಳೂ ಒಣಗಿರುತ್ತವೆ.