ಥಂಬ್ ಕೊಟ್ಟು ದುಡ್ಡು ತೆಗೆಯುವ ಸೇವೆ: ಅಡಿಕೆ ಸುಲಿದ ಕೈಗೆ ಎಷ್ಟು ಸಲೀಸು?

ಕುಮಟಾ, ಅಂಕೋಲಾ, ಶಿರಸಿ ಸುತ್ತಿನ ಹಳ್ಳಿಗಳ ಕಿರಾಣಿ ಅಂಗಡಿಯಲ್ಲಿ ಗಲ್ಲೆಪೆಟ್ಟಿಗೆಯ ಪಕ್ಕ ಒಂದು ಪುಟ್ಟ ಸ್ಕ್ಯಾನರ್, ವೈರಿನಲ್ಲಿ ಮೊಬೈಲಿಗೆ ಸಿಕ್ಕಿಸಿದ್ದು, ಕೂತಿರುತ್ತದೆ. ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳು. ಇಷ್ಟಿದ್ದರೆ ಒಂದು ಸಲಕ್ಕೆ 10,000 ರೂಪಾಯಿವರೆಗೆ ನಗದು. ಕಾರ್ಡ್ ಬೇಡ, ಪಿನ್ ಬೇಡ, ಸ್ಮಾರ್ಟ್‌ಫೋನೂ ಬೇಡ. ಕಾಗದದ ಮೇಲಿನ ಹೆಸರು ಎಇಪಿಎಸ್, ಅಂದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ; ಜನ ಹೇಳುವುದು ‘ಥಂಬ್ ಕೊಡೋದು’. ಗೃಹಲಕ್ಷ್ಮಿಯ 2,000ಕ್ಕಾಗಿ ಒಂದು ದಿನದ ಕೂಲಿ ಬಿಟ್ಟು ಪೇಟೆಗೆ ಹೋಗುವುದು ಇದರಿಂದ ತಪ್ಪಿದೆ. ಐದಕ್ಕೆ ಮೂರು ಅಂಕ.

ಉಳಿದ ಎರಡು ಎಲ್ಲಿ ಹೋದವೆಂದು ಬೆರಳು ನೋಡಿದರೆ ತಿಳಿಯುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುವವರ ಹೆಬ್ಬೆರಳು, ತೋರುಬೆರಳು ಚೊಗರು ಹಿಡಿದು ಕಪ್ಪಾಗಿ ಬಿರಿದಿರುತ್ತವೆ. ಅಘನಾಶಿನಿಯಲ್ಲಿ ಬಳಚು ಆಯುವವರ ಬೆರಳ ತುದಿಗೆ ಚಿಪ್ಪಿನ ಗಾಯ. ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ದುಡಿಯುವವರದ್ದು ಸವೆದು ನುಣ್ಣಗಾಗಿರುತ್ತದೆ. ಯಂತ್ರ ತಾಳೆ ನೋಡುವುದು ಬೆರಳಗೆರೆ ಕವಲೊಡೆಯುವ, ಮುಗಿಯುವ ಜಾಗಗಳನ್ನು. ಬಿರುಕು ಬಿದ್ದಲ್ಲಿ ಇಲ್ಲದ ಗೆರೆ ಕಾಣುತ್ತದೆ, ಸವೆದಲ್ಲಿ ಇದ್ದದ್ದೂ ಕಾಣುವುದಿಲ್ಲ. ಮೇಜಿನ ಕೆಲಸದವರ ಬೆರಳು ಮೊದಲ ಸಲಕ್ಕೇ ದಾಟುತ್ತದೆ. ಆದರೆ ಅವರಿಗೆ ಈ ಯಂತ್ರವೇ ಬೇಡ, ಫೋನ್‌ಪೇ ಇದೆ.

ಹಾಗಾಗಿ ‘ಅಕ್ಕಾ, ಮತ್ತೊಂದ್ಸಲ ಒತ್ತಿ’ ಅನ್ನಿಸಿಕೊಳ್ಳುವ ಮೊದಲು ಕೆಲವು ಕೆಲಸ ಮಾಡಿಕೊಳ್ಳಬೇಕು. ಉಗುರುಬೆಚ್ಚಗಿನ ನೀರು, ಸೋಪಿನಲ್ಲಿ ಕೈ ತೊಳೆದು ಪೂರ್ತಿ ಒರೆಸಿ. ಮಳೆಗಾಲದಲ್ಲಿ ನೆನೆದು ಸುಕ್ಕಾದ ಬೆರಳಾದರೆ ಹತ್ತು ನಿಮಿಷ ಒಣಗಲು ಬಿಡಿ. ತೀರಾ ಒಣಗಿದ ಬೆರಳಾದರೆ ಹಣೆಗೊಮ್ಮೆ ಉಜ್ಜಿ. ಅಷ್ಟು ಜಿಡ್ಡು ಸಾಕು, ತೆಂಗಿನೆಣ್ಣೆ ಹಚ್ಚಿದರೆ ಗಾಜೇ ಮಸುಕಾಗುತ್ತದೆ. ತುದಿ ಊರಬೇಡಿ, ಬೆರಳಿನ ಮೆತ್ತೆ ಪೂರ್ತಿ ಕೂರಲಿ. ಜೋರಾಗಿ ಒತ್ತಿದರೆ ಗೆರೆಗಳು ಒಂದಕ್ಕೊಂದು ಅಂಟುತ್ತವೆ. ಅಂಗಳದ ಬಿಸಿಲು ಸ್ಕ್ಯಾನರ್ ಮೇಲೆ ಬೀಳುತ್ತಿದ್ದರೆ ಕೈ ಮರೆ ಮಾಡಿ. ‘ಥಂಬ್’ ಎಂದ ಮಾತ್ರಕ್ಕೆ ಹೆಬ್ಬೆರಳೇ ಆಗಬೇಕಿಲ್ಲ. ಸುಲಿಯುವವರಿಗೆ ಉಂಗುರಬೆರಳು, ಕಿರುಬೆರಳು ಕಡಿಮೆ ಸವೆದಿರುತ್ತವೆ, ಅವನ್ನು ಕೇಳಿ ಇಡಿ. ಆಧಾರ್ ಉತ್ತರದಲ್ಲಿ 300 ಎಂದು ಬಂದರೆ ಬೆರಳು ತಾಳೆಯಾಗಿಲ್ಲ, 330 ಎಂದರೆ ಬೆರಳಚ್ಚು ಲಾಕ್ ಆಗಿದೆ. 330ಕ್ಕೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಪದೇ ಪದೇ 300 ಬಂದರೆ ಆಧಾರ್ ಕೇಂದ್ರದಲ್ಲಿ 125 ರೂಪಾಯಿ ಕೊಟ್ಟು ಬೆರಳಚ್ಚು ಹೊಸದಾಗಿ ಕೊಡಬಹುದು. ಸುಗ್ಗಿಯ ನಡುವೆ ಮಾತ್ರ ಹೋಗಬೇಡಿ, ಬಿರಿದ ಬೆರಳೇ ದಾಖಲಾಗಿ ಕೂರುತ್ತದೆ.

ಇನ್ನೊಂದು ಎಡವಟ್ಟು ಬ್ಯಾಂಕಿನ ಹೆಸರಿನದ್ದು. ನಮ್ಮ ಕರಾವಳಿಯಲ್ಲಿ ಈಗಲೂ ‘ನಂದು ಸಿಂಡಿಕೇಟು’ ಎನ್ನುವವರಿದ್ದಾರೆ. ಮೊಬೈಲಿನ ಬ್ಯಾಂಕ್ ಪಟ್ಟಿಯಲ್ಲಿ ಅದು 2020ರಿಂದ ಕೆನರಾ. ವಿಜಯಾ ಬ್ಯಾಂಕ್ 2019ರಿಂದ ಬ್ಯಾಂಕ್ ಆಫ್ ಬರೋಡಾ, ಕಾರ್ಪೊರೇಶನ್ ಈಗ ಯೂನಿಯನ್. ಕೆವಿಜಿ (ಕರ್ನಾಟಕ ವಿಕಾಸ ಗ್ರಾಮೀಣ) ಬ್ಯಾಂಕ್ ಕೂಡ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್. ಎರಡು ಮೂರು ಖಾತೆ ಇದ್ದವರ ಸರ್ಕಾರಿ ದುಡ್ಡು ಬೀಳುವುದು ಆಧಾರ್ ಕೊನೆಗೆ ಜೋಡಣೆಯಾದ ಖಾತೆಗೆ. ‘ದುಡ್ಡೇ ಬಂದಿಲ್ಲ’ ಎನ್ನುವ ಮೊದಲು ಆ ಬ್ಯಾಂಕನ್ನು ಆರಿಸಿ ಬ್ಯಾಲೆನ್ಸ್ ನೋಡಿಸಿ.

ಜೋಯಿಡಾ ಕಡೆ, ಘಟ್ಟದ ಬುಡದ ಊರುಗಳಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿ ಇಳಿಯಿತೆಂದರೆ ವ್ಯವಹಾರ ಅರ್ಧಕ್ಕೆ ನಿಲ್ಲುತ್ತದೆ: ಖಾತೆಯಲ್ಲಿ ಕಡಿತ, ಕೈಗೆ ಕಾಸಿಲ್ಲ. ಆಗ ಅಂಗಡಿಯವರೊಡನೆ ಜಗಳ ತೆಗೆದರೆ ಉಪಯೋಗವಿಲ್ಲ. ಆರ್‌ಬಿಐ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ಐದು ದಿನದೊಳಗೆ ಹಣ ವಾಪಸ್ ಬೀಳಬೇಕು, ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ. ಅರ್ಜಿ ನಿಮ್ಮ ಖಾತೆ ಇರುವ ಬ್ಯಾಂಕಿಗೆ, ಜೊತೆಗೆ ರಸೀದಿ. ರಸೀದಿ ಕೇಳಿ ಪಡೆಯುವವರು ಕಡಿಮೆ, ಮುಷ್ಕಿಲಾಗುವುದೂ ಅಲ್ಲೇ. ‘ಬಂದಿಲ್ಲ, ಇನ್ನೊಮ್ಮೆ ಒತ್ತಿ’ ಎಂದಾಗ ಪರದೆ ನಿಮ್ಮ ಕಡೆ ತಿರುಗಿಸಲು ಹೇಳಿ, ಮೊದಲನೆಯದು ವಿಫಲವೆಂದು ಬಂದಿದೆಯೇ ನೋಡಿ. ಓದಲು ಬಾರದವರು ಶಾಲೆಗೆ ಹೋಗುವ ಮಗುವನ್ನಾದರೂ ಜೊತೆಗೆ ಕರೆದೊಯ್ಯಲಿ. ಹತ್ತೋ ಇಪ್ಪತ್ತೋ ಕೈಗೆ ಕೇಳಿದರೆ ಕೊಡಬೇಕಿಲ್ಲ. ಶುಲ್ಕವಿದ್ದರೆ ಬ್ಯಾಂಕ್ ಖಾತೆಯಿಂದ ಹಿಡಿಯಬೇಕು, ಅಂಗಡಿಯವರು ಹಿಡಿಯುವಂತಿಲ್ಲ.

ಬೆರಳು ಏನು ಮಾಡಿದರೂ ಒಪ್ಪದವರಿಗೆ ಅಂಚೆ ಪೇಮೆಂಟ್ಸ್ ಬ್ಯಾಂಕ್ 2025ರಲ್ಲಿ ಮುಖ ನೋಡಿ ದೃಢೀಕರಿಸುವುದನ್ನು ಶುರುಮಾಡಿದೆ. ಪೋಸ್ಟ್‌ಮನ್ ಬಂದಾಗ ಮನೆಯ ಕತ್ತಲ ಕೋಣೆಯಲ್ಲಿ ಕೂರದೆ ಜಗುಲಿಯ ಬೆಳಕಿಗೆ ಬನ್ನಿ, ಬೆನ್ನು ಬಾಗಿಲಿಗಿರದೆ ಮುಖ ಬೆಳಕಿಗಿರಲಿ.