ಅಳೆದು ನೋಡುವುದೋ, ತರ್ಕದಿಂದ ತಿಳಿಯುವುದೋ?

ಪ್ರೋಗ್ರಾಮಿನ ಬಗೆಗಿನ ಒಂದೇ ಪ್ರಶ್ನೆಗೆ ಎರಡೂ ದಾರಿಯಿಂದ ಉತ್ತರ ಹುಡುಕಿದರೆ ಯಾವುದು ಎಲ್ಲಿ ಕೈಕೊಡುತ್ತದೆ ಎಂಬುದು ಬೇಗ ತಿಳಿಯುತ್ತದೆ.

ಮೊದಲು ವೇಗ. ಸಂಖ್ಯೆಗಳು ಯಾವ ಕ್ರಮದಲ್ಲಿ ಬಂದರೂ ಏರಿಕೆಯಲ್ಲಿ ಜೋಡಿಸಿಟ್ಟುಕೊಳ್ಳಬೇಕು ಅನ್ನಿ. ಲಿಂಕ್ಡ್ ಲಿಸ್ಟಿನಲ್ಲಿ (ಪ್ರತಿ ಅಂಶವೂ ಮುಂದಿನದರ ವಿಳಾಸ ಇಟ್ಟುಕೊಂಡಿರುವ ಸರಪಳಿ) ಹೊಸದನ್ನು ಸೇರಿಸಲು ಕೊಂಡಿ ಬದಲಿಸಿದರೆ ಸಾಕು, ಅರೇಯಲ್ಲಾದರೆ (ಅಂಶಗಳು ಪಕ್ಕಪಕ್ಕದಲ್ಲೇ ಇರುವ ಸಾಲು) ಮುಂದಿನದನ್ನೆಲ್ಲ ಸರಿಸಬೇಕು. ಕಾಗದದ ಮೇಲೆ ಲಿಸ್ಟೇ ವಾಸಿ. ಓಡಿಸಿ ನೋಡಿ: ಸಾವಿರಾರು ಸಂಖ್ಯೆಗಳಾದರೂ ಅರೇಯೇ ಮುಂದಿರುತ್ತದೆ. ಲಿಸ್ಟಿನಲ್ಲಿ ಜಾಗ ಹುಡುಕಲು ನೋಡ್‌ಗಳನ್ನು, ಅಂದರೆ ಅದರ ಅಂಶಗಳನ್ನು, ಒಂದೊಂದಾಗಿ ದಾಟಬೇಕು, ಅವು ಮೆಮೊರಿಯಲ್ಲಿ ಚೆಲ್ಲಾಪಿಲ್ಲಿಯಾಗಿರುತ್ತವೆ. ಸಾಮಾನ್ಯ ಪ್ರೊಸೆಸರ್ ಒಮ್ಮೆಗೆ 64 ಬೈಟ್ ಎಳೆದುಕೊಳ್ಳುತ್ತದೆ, ಅಂದರೆ ಅರೇಯ 4 ಬೈಟಿನ 16 ಪೂರ್ಣಾಂಕಗಳು ಒಟ್ಟಿಗೇ ಕ್ಯಾಶೆಗೆ (ಪ್ರೊಸೆಸರಿನ ಪಕ್ಕದ ಚಿಕ್ಕ, ವೇಗದ ಮೆಮೊರಿ) ಬರುತ್ತವೆ. ತರ್ಕ ತಪ್ಪಿರಲಿಲ್ಲ, ಅದರ ಲೆಕ್ಕದಲ್ಲಿ ಕ್ಯಾಶೆಯೇ ಇರಲಿಲ್ಲ.

ಆದರೆ ಅಳತೆಯೂ ಸುಲಭವಾಗಿ ಸುಳ್ಳು ಹೇಳುತ್ತದೆ. ಫಲಿತಾಂಶವನ್ನು ಎಲ್ಲೂ ಬಳಸದಿದ್ದರೆ ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಪ್ರೋಗ್ರಾಂ) ಇಡೀ ಲೂಪನ್ನೇ ಕಿತ್ತುಹಾಕಬಹುದು, ಆಗ ಸಮಯ ಸೊನ್ನೆಯ ಹತ್ತಿರ ಬರುತ್ತದೆ. ಹಾಗಾಗಿ ಕೊನೆಯಲ್ಲಿ ಮೊತ್ತವನ್ನು ಪ್ರಿಂಟ್ ಮಾಡಿ. ಜಾವಾದಂಥ ಭಾಷೆಯಲ್ಲಿ ಮೊದಲ ಓಟಗಳನ್ನು ಬಿಟ್ಟುಬಿಡಿ, ಕೋಡ್ ಇನ್ನೂ ಜಿಟ್ ಕಂಪೈಲ್ (ಓಡುತ್ತಿರುವಾಗಲೇ ಯಂತ್ರಭಾಷೆಗೆ ಅನುವಾದ) ಆಗಿರುವುದಿಲ್ಲ. ಎರಡು ಆವೃತ್ತಿಗಳನ್ನು ಅದಲುಬದಲಾಗಿ ಕನಿಷ್ಠ 30 ಸಲ ಓಡಿಸಿ. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಬಿಸಿಯೇರಿದ ಪ್ರೊಸೆಸರಿನ ನಿಧಾನವೆಲ್ಲ ಎರಡನೆಯದರ ಪಾಲಿಗೆ. ಸರಾಸರಿಯ ಬದಲು ಮಧ್ಯಾಂಕ (ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವ ಅಂಕಿ) ನೋಡಿ.

ಸರಿತನದ ಪ್ರಶ್ನೆಯಲ್ಲಿ ತೂಕ ತರ್ಕದ ಕಡೆ ವಾಲುತ್ತದೆ. ಎರಡು ಥ್ರೆಡ್‌ಗಳು (ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳು) ಲಾಕ್ ಇಲ್ಲದೆ, ಅಂದರೆ ಒಂದು ಮುಗಿಸುವವರೆಗೆ ಇನ್ನೊಂದನ್ನು ತಡೆಯದೆ, ಒಂದೇ ಎಣಿಕೆಯನ್ನು ಹೆಚ್ಚಿಸುತ್ತಿವೆ: ಓದು, ಒಂದು ಕೂಡಿಸು, ಬರೆ. ಇಬ್ಬರೂ 5 ಓದಿದರೆ ಇಬ್ಬರೂ 6 ಬರೆಯುತ್ತಾರೆ, ಒಂದು ಎಣಿಕೆ ಕಳೆದುಹೋಯಿತು. ಇದು ಕಾಗದದ ಮೇಲೆ ಎರಡು ನಿಮಿಷದ ಕೆಲಸ. ಟೆಸ್ಟ್ ಸಾವಿರ ಸಲ ಪಾಸಾದರೂ ಅದಕ್ಕೆ ಈ ಸರದಿ ಸಿಗದೇ ಹೋಗಬಹುದು. 2015ರಲ್ಲಿ ಟಿಮ್‌ಸಾರ್ಟ್ ಎಂಬ ಜೋಡಣೆ ವಿಧಾನದ ದೋಷ ಸಿಕ್ಕಿದ್ದೂ ಹೀಗೆಯೇ: ಅಷ್ಟೊಂದು ಬಳಕೆಯಲ್ಲಿದ್ದ ಕೋಡ್ ಸರಿಯೆಂದು ಗಣಿತದ ನಿಯಮಬದ್ಧ ಸಾಧನೆಯಿಂದ (proof) ತೋರಿಸಲು ಹೊರಟಾಗ ಆ ಸಾಧನೆ ಒಂದು ಕಡೆ ನಿಂತೇಹೋಯಿತು.

ಎರಡೂ ಸೋತದ್ದೂ ಇದೆ. ಜಾವಾ ಲೈಬ್ರರಿಯ ಬೈನರಿ ಸರ್ಚ್ (ಜೋಡಿಸಿದ ಅರೇಯನ್ನು ಪ್ರತಿ ಸಲ ಅರ್ಧಕ್ಕೆ ಇಳಿಸುತ್ತ ಹುಡುಕುವ ವಿಧಾನ) ನಡುವಿನ ಸ್ಥಾನಕ್ಕಾಗಿ ಎರಡು ಅಂಚುಗಳನ್ನು ಕೂಡಿಸಿ 2ರಿಂದ ಭಾಗಿಸುತ್ತಿತ್ತು. ಆ ಲೆಕ್ಕ ಸರಿಯೆಂಬ ಸಾಧನೆಯೂ ಇತ್ತು, ವರ್ಷಗಟ್ಟಲೆ ಬಳಕೆಯೂ ಆಗಿತ್ತು. ಅರೇ ಸುಮಾರು 107 ಕೋಟಿ ಅಂಶ ದಾಟಿದರೆ ಮೊತ್ತ 32 ಬಿಟ್ಟಿನ ಮಿತಿ ಮೀರಿ ಋಣಸಂಖ್ಯೆಯಾಗಬಹುದು ಎಂದು 2006ರಲ್ಲಿ, ಆ ಕೋಡನ್ನು ರಚಿಸಿದ್ದ ಜೋಶುವಾ ಬ್ಲಾಕ್ ಅವರೇ ಬರೆದರು. ಸಾಧನೆಯ ಲೆಕ್ಕದಲ್ಲಿ ಪೂರ್ಣಾಂಕಗಳಿಗೆ ಮಿತಿಯೇ ಇರಲಿಲ್ಲ. ಟೆಸ್ಟಿಗೆ ಅಷ್ಟು ದೊಡ್ಡ ಅರೇ ಯಾರೂ ಕೊಟ್ಟಿರಲಿಲ್ಲ. ಅಂಚುಗಳ ಅಂತರದ ಅರ್ಧವನ್ನು ಕೆಳ ಅಂಚಿಗೆ ಕೂಡಿಸಿದರೆ ತೊಂದರೆ ತೀರುತ್ತದೆ.

ಆದ್ದರಿಂದ ಓಡಿಸುವ ಮೊದಲೇ ನಿರೀಕ್ಷೆಯನ್ನು ಅಂಕಿಯಲ್ಲಿ ಬರೆದಿಡಿ: ಅಂಶಗಳು ಹತ್ತು ಪಟ್ಟಾದರೆ ಸಮಯ ಹತ್ತು ಪಟ್ಟೋ, ನೂರು ಪಟ್ಟೋ? ಅಳತೆ ಬೇರೆ ಹೇಳಿದರೆ ಕೋಡ್ ತಿದ್ದುವ ಮುನ್ನ ಆ ವ್ಯತ್ಯಾಸದ ಕಾರಣ ಹುಡುಕಿ.