ಯಂತ್ರಕ್ಕೆ ಪೂರ್ತಿ ಅಂಕ, ಜೊತೆಗೆ ಬಂದ ಜೋಲಿಗೆ ಇಲ್ಲ

ನನ್ನ ಮಗನಿಗೆ 16 ವರ್ಷ, ತೂಕ 58 ಕೆಜಿ. ಅವನಿಗೆ ಡುಶೇನ್ ಮಸ್ಕ್ಯುಲರ್ ಡಿಸ್ಟ್ರಫಿ ಇದೆ, ಸ್ನಾಯುಗಳು ವರ್ಷ ವರ್ಷಕ್ಕೂ ಸೋಲುತ್ತಾ ಹೋಗುವ ಕಾಯಿಲೆ. ಹೋದ ವರ್ಷದವರೆಗೂ ನಾನೇ ಎತ್ತುತ್ತಿದ್ದೆ. ನನ್ನ ಸೊಂಟ ಹಿಡಿದುಕೊಂಡ ಮೇಲೆ ಚಕ್ರವಿರುವ ಹಾಯ್ಸ್ಟ್, ಅಂದರೆ ಬಟ್ಟೆಯ ಜೋಲಿಯಲ್ಲಿ ಕೂರಿಸಿ ಮನುಷ್ಯರನ್ನು ಎತ್ತುವ ಯಂತ್ರ, ತಂದೆವು. ಎಂಟು ತಿಂಗಳು ಬಳಸಿ ಇದನ್ನು ಬರೆಯುತ್ತಿದ್ದೇನೆ.

ಯಂತ್ರ ಚೆನ್ನಾಗಿದೆ. ಕಂಬದ ಮೇಲೆ 150 ಕೆಜಿ ಎಂದಿದೆ, ಕೆಳಗೆ ಐಎಸ್‌ಒ 10535 ಎಂದಿದೆ. ರೋಗಿಗಳನ್ನು ಎತ್ತುವ ಹಾಯ್ಸ್ಟ್‌ಗಳಿಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಅದು. ಬರೆದ ತೂಕಕ್ಕಿಂತ ಜಾಸ್ತಿ ಹೊರಿಸಿ, ಇಳಿಜಾರಿನಲ್ಲಿ ನಿಲ್ಲಿಸಿ, ಸಾವಿರಾರು ಸಲ ಎತ್ತಿ ಇಳಿಸಿ ನೋಡಿರುತ್ತಾರೆ. ಬ್ಯಾಟರಿ ಕೈಕೊಟ್ಟರೆ ಇಳಿಸಲು ಕೆಂಪು ಹಿಡಿಯೂ ಇದೆ. ಮೊದಲ ದಿನ ನಾನೇ ಕೂತು, ನಮ್ಮ ಯಜಮಾನರ ಕೈಯಲ್ಲಿ ಅದನ್ನು ಎಳೆಸಿ ನೋಡಿದೆ. ಮೆಲ್ಲಗೆ ಇಳಿಯಿತು.

ತೊಂದರೆ ಬಂದದ್ದು ಜೋಲಿಯಲ್ಲಿ. ಜೊತೆಗೆ ಕೊಟ್ಟದ್ದು ಶೌಚಕ್ಕೆ ಬಳಸುವ ಬಗೆಯದು. ಕಂಕುಳ ಕೆಳಗೆ ಪಟ್ಟಿ, ಕೈಗಳು ಹೊರಗೆ, ಕೆಳಗೆಲ್ಲ ತೆರೆದಿರುತ್ತದೆ. ನನಗೆ ಗಟ್ಟಿಯಾಗಿಯೇ ಕೂತಿತ್ತು. ಮಗನನ್ನು ಹಾಸಿಗೆಯಿಂದ ಒಂದು ಗೇಣು ಎತ್ತಿದ್ದೆ ಅಷ್ಟೇ. ಭುಜ ಎರಡೂ ಕಿವಿಯ ಹತ್ತಿರ ಹೋದವು. "ಅಮ್ಮಾ, ಜಾರ್ತಿದೀನಿ" ಎಂದ. ಕೆಳಗೆ ಇನ್ನೂ ಹಾಸಿಗೆ ಇತ್ತು. ಇಳಿಸಿದೆ, ಕೈ ನಡುಗುತ್ತಿತ್ತು.

ಈ ಕಾಯಿಲೆಯಲ್ಲಿ ಭುಜದ ಸ್ನಾಯು ಸೋಲುತ್ತದೆ. ಕಂಕುಳಿಗೆ ಕೈ ಹಾಕಿ ಎತ್ತಿದರೆ ಮೈ ಜಾರಿ ಹೋಗುತ್ತದೆ. ಸಣ್ಣವನಿದ್ದಾಗ ಡಾಕ್ಟರು ಎತ್ತಿ ನೋಡಿದ್ದೂ ಇದನ್ನೇ. ಆ ಜೋಲಿಯ ಚೀಟಿಯಲ್ಲಿ 200 ಕೆಜಿ ಎಂದಿತ್ತು, ಸುಳ್ಳೇನಲ್ಲ. ಬಟ್ಟೆ ಹರಿಯಲಿಲ್ಲ, ಹೊಲಿಗೆ ಬಿಡಲಿಲ್ಲ. ಆದರೆ ಒಳಗೆ ಕೂತವರು ತೋಳನ್ನು ಒತ್ತಿ ಹಿಡಿಯಬಲ್ಲರಾ ಎಂದು ಭಾರದ ಪರೀಕ್ಷೆ ಕೇಳುವುದಿಲ್ಲ. ಈ ಕಾಯಿಲೆಗೆಂದು ಸ್ಟೀರಾಯ್ಡ್ ವರ್ಷಗಟ್ಟಲೆ ತಗೊಂಡ ಮಕ್ಕಳ ಮೂಳೆ ಸ್ವಲ್ಪ ಬಿದ್ದರೂ ಮುರಿಯಬಹುದು. ಅಂಥವರ ಮನೆಗೆ ಕೊಡುವಾಗ ಒಂದು ಮಾತು ಹೇಳಬೇಕಿತ್ತು ಅಲ್ವಾ? ಕೈಪಿಡಿಯಲ್ಲಿ ಒಂದು ಸಣ್ಣ ಚಿತ್ರ ಬಿಟ್ಟರೆ ಏನೂ ಇರಲಿಲ್ಲ. ಇದು ನನಗೆ ಇವತ್ತಿಗೂ ನೋವು.

ಫಿಸಿಯೋಥೆರಪಿಸ್ಟ್ ಬಂದು ಬೆನ್ನಿನ ಉದ್ದ ಅಳೆದು, ತಲೆಗೂ ಆಸರೆ ಇರುವ ಪೂರ್ತಿ ಮೈಯ ಜೋಲಿ ಆರಿಸಿಕೊಟ್ಟರು. ಜೋಲಿಯ ಕುಣಿಕೆಗಳನ್ನು ಯಂತ್ರದ ಕೊಕ್ಕೆಗೆ ಸಿಕ್ಕಿಸುವಾಗ ಭುಜದ ಕಡೆ ಗಿಡ್ಡದ್ದು, ಕಾಲಿನ ಕಡೆ ಉದ್ದದ್ದು ಹಾಕಿದರೆ ಕೂತಂತೆ ಮೇಲೇಳುತ್ತಾನೆ. ಎದೆ ಮಡಚುವುದಿಲ್ಲ, ಉಸಿರಿಗೆ ಹಗುರ. ಹಾಕಲು ಜಾಸ್ತಿ ಹೊತ್ತು ಬೇಕು, ಬೇಕಾದರೆ ಬೇಕಾಗಲಿ.

ಇನ್ನೊಂದು ವಿಷಯ. ಯಂತ್ರಕ್ಕೊಂದು, ಜೋಲಿಗೊಂದು ತೂಕ ಬರೆದಿರುತ್ತದೆ. ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಒಗೆದು ಒಗೆದು ಚೀಟಿ ಅಳಿಸುತ್ತದೆ, ಮೊದಲೇ ಫೋಟೋ ತೆಗೆದಿಡಿ. ಬ್ಲೀಚ್ ಬೇಡವೇ ಬೇಡ.

ಈಗ ಎತ್ತುವ ಮೊದಲು ಮಗನೇ ಕೇಳುತ್ತಾನೆ, "ನಾಲ್ಕೂ ಸಿಕ್ಕಿಸಿದ್ಯಾ ಅಮ್ಮಾ?" ಒಂದೊಂದೇ ಕುಣಿಕೆ ಎಳೆದು ನೋಡಿ, ಜೋರಾಗಿ ಎಣಿಸುತ್ತೇನೆ. ನಾಲ್ಕು ಅಂದ ಮೇಲೆ ರಿಮೋಟಿನ ಗುಂಡಿ ಅವನೇ ಒತ್ತುತ್ತಾನೆ.